ಓಡುತ್ತ ಹೊಡೆಯುವ ಗುರಿ

ಗುರಿಕಾರಿಕೆ ಎಂದೊಡನೆ ನಮ್ಮ ಕಣ್ಣೆದುರು ಮೂಡುವುದು ನಿಶ್ಚಲತೆಯ ಚಿತ್ರ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನದ ಪದಕ ಗೆದ್ದದ್ದು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ಅಲ್ಲಿ ಗುರಿ ಅಲುಗುವುದಿಲ್ಲ, ದೂರ ಬದಲಾಗುವುದಿಲ್ಲ. ಗುರಿಕಾರನಂತೂ ಉಸಿರನ್ನೂ ಲೆಕ್ಕವಿಟ್ಟು ಬಿಡುವ ಯೋಗಿಯಂತೆ ನಿಂತಿರುತ್ತಾನೆ. ಕೊಡಗಿನ ಕೈಲ್ ಮುಹೂರ್ತದ ದಿನ ಮರದ ಮೇಲಿನ ತೆಂಗಿನಕಾಯಿಗೆ ಕೋವಿ ಹಿಡಿಯುವವನೂ ನಿಂತೇ ಹೊಡೆಯುತ್ತಾನೆ. ನಾನು ಇಂದು ಹೇಳಹೊರಟಿರುವ ಆಟದಲ್ಲಾದರೋ ಗುರಿಕಾರ ಓಡುತ್ತಾನೆ, ಬಾಗುತ್ತಾನೆ, ಒಂದು ಕೋವಿಯನ್ನು ಕೆಳಗಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಾನೆ. ಮತ್ತು ಇಂದು ಎದುರಿಸಿದ ಸವಾಲು ಅವನಿಗೆ ಅದೇ ರೂಪದಲ್ಲಿ ಮತ್ತೆ ಎದುರಾಗುವುದು ಅಪರೂಪ.

ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಈ ಆಟದ ಹುಚ್ಚಿನವನು. ಅಲ್ಲಿ ಇದಕ್ಕೆ 'ಮಲ್ಟಿಗನ್' ಎಂದೂ 'ತ್ರೀಗನ್' ಎಂದೂ ಹೆಸರು. ಪಿಸ್ತೂಲು, ರೈಫಲ್, ಚರೆ ತುಂಬಿದ ತೋಟಾ ಹಾರಿಸುವ ಶಾಟ್‌ಗನ್, ಈ ಮೂರನ್ನೂ ಒಬ್ಬನೇ ಬಳಸಬೇಕು. ಅವನ ಜೊತೆಯಲ್ಲಿ ಒಂದೆರಡು ಪಂದ್ಯಗಳಿಗೆ ಹೋಗಿ, ಗುರಿಹಲಗೆಗಳ ತೂತುಗಳಿಗೆ ಕಾಗದದ ಪಟ್ಟಿ ಅಂಟಿಸುವ ಕೆಲಸವನ್ನು ನಾನೂ ಮಾಡಿದ್ದೇನೆ. ಕೋವಿಯ ಬಗೆಗೆ ನನಗೆ ಯಾವ ಮೋಹವೂ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸವಾಲನ್ನು ಕಟ್ಟುವವರ ಕೌಶಲ. ಪ್ರತಿಯೊಂದು ಸವಾಲಿನ ಅಂಗಳವನ್ನು ಅವರು 'ಸ್ಟೇಜ್' ಎನ್ನುತ್ತಾರೆ. ನಾನು ಅದನ್ನು ರಂಗವೆಂದೇ ಕರೆಯುತ್ತೇನೆ. ಹೆಸರು ಅದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

ಈ ಆಟದ ಮೂಲ 1950ರ ದಶಕದ ಕ್ಯಾಲಿಫೋರ್ನಿಯಾದಲ್ಲಿದೆ. ಜೆಫ್ ಕೂಪರ್ ಎಂಬ ನಿವೃತ್ತ ಸೈನಿಕ ಅಧಿಕಾರಿಯೂ ಅವನ ಸಂಗಡಿಗರೂ, ಒಂಟಿಗೈಯಲ್ಲಿ ನಿಧಾನವಾಗಿ ಹೊಡೆಯುವ ಹಳೆಯ ಪದ್ಧತಿಯನ್ನು ಬಿಟ್ಟು, ನಿಜವಾದ ಅಪಾಯದ ಹೊತ್ತಿಗೆ ಯಾವ ರೀತಿ ಉಪಯುಕ್ತವಾದೀತು ಎಂದು ಸ್ಪರ್ಧೆಗಳ ಮೂಲಕವೇ ಪರೀಕ್ಷಿಸತೊಡಗಿದರು. 1976ರಲ್ಲಿ ಮಿಸೂರಿ ರಾಜ್ಯದ ಕೊಲಂಬಿಯಾದಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಕೂಪರನೇ ಮೊದಲ ಅಧ್ಯಕ್ಷ. ನಿಖರತೆ, ಬಲ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳು ಅದರ ಧ್ಯೇಯವಾಕ್ಯ. ಈ ಮೂರರಲ್ಲಿ ಒಂದನ್ನು ಹೆಚ್ಚಿಸಲು ಹೊರಟರೆ ಇನ್ನೊಂದು ಕೈಬಿಡುತ್ತದೆ ಎಂಬುದೇ ಆಟದ ಜೀವಾಳ.

ಹೇಗೆಂದು ಒಂದು ಲೆಕ್ಕದಿಂದ ತಿಳಿಯೋಣ. ಕೂಪರ್ ರೂಪಿಸಿದ ಪ್ರಸಿದ್ಧ ಅಭ್ಯಾಸವೊಂದಿದೆ. 'ಎಲ್ ಪ್ರೆಸಿಡೆಂಟೆ' ಎಂದು ಅದರ ಹೆಸರು. ಹತ್ತು ಗಜ ದೂರದಲ್ಲಿ ಮೂರು ಹಲಗೆಗಳು. ಗುರಿಕಾರ ಅವಕ್ಕೆ ಬೆನ್ನು ಮಾಡಿ ನಿಂತಿರಬೇಕು. ಸಂಕೇತ ಕೇಳಿದೊಡನೆ ತಿರುಗಿ, ಪಿಸ್ತೂಲು ಸೆಳೆದು, ಒಂದೊಂದಕ್ಕೂ ಎರಡೆರಡು ಗುಂಡು. ಮ್ಯಾಗಝೀನು ಬದಲಿಸಿ ಮತ್ತೆ ಎರಡೆರಡು. ಒಟ್ಟು ಹನ್ನೆರಡು. ಹಲಗೆಯ ನಡುವಲಯಕ್ಕೆ 5 ಅಂಕ. ಬಲವಾದ ತೋಟಾ ಬಳಸುವವನಿಗೆ ಅದರ ಪಕ್ಕದ ವಲಯಕ್ಕೆ 4. ಗಳಿಸಿದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಬರುವುದು ಫಲಿತಾಂಶ. ಒಬ್ಬನು ಎಲ್ಲವನ್ನೂ ನಡುವಿಗೇ ಹೊಡೆದು 60 ಅಂಕವನ್ನು 6 ಸೆಕೆಂಡಿನಲ್ಲಿ ಗಳಿಸಿದನೆನ್ನಿ: ಭಾಗಲಬ್ಧ 10. ಇನ್ನೊಬ್ಬನ ಆರು ಗುಂಡುಗಳು ಪಕ್ಕದ ವಲಯಕ್ಕೆ ಜಾರಿದವು. 54 ಅಂಕ, ಆದರೆ 5 ಸೆಕೆಂಡು: ಭಾಗಲಬ್ಧ 10.8. ಗೆದ್ದವನು ಎರಡನೆಯವನು. ಪರಿಪೂರ್ಣತೆಗೆ ಇಲ್ಲಿ ಸೋಲಾಯಿತು. ಆದರೆ ಗುರಿಗಳು ದೂರವಾಗಿದ್ದು, ಓಟವೂ ಉದ್ದವಾಗಿದ್ದು, ಭಾಗಲಬ್ಧ 4ರ ಆಸುಪಾಸಿಗೆ ಇಳಿಯುವ ರಂಗದಲ್ಲಿ ಒಂದೊಂದು ಅಂಕದ ಬೆಲೆಯೂ ಕಾಲು ಸೆಕೆಂಡು. ಅಲ್ಲಿ ಆರು ಅಂಕ ಚೆಲ್ಲಿದವನು ಒಂದೂವರೆ ಸೆಕೆಂಡನ್ನೇ ಚೆಲ್ಲಿದಂತೆ. ಎಲ್ಲಿ ಅವಸರ ಲಾಭ, ಎಲ್ಲಿ ನಿಧಾನ ಲಾಭ ಎಂಬ ವಿವೇಕವೇ ಅರ್ಧ ಗೆಲುವು. (ಹಲವು ಮಲ್ಟಿಗನ್ ಪಂದ್ಯಗಳಲ್ಲಿ ಭಾಗಾಕಾರವಿಲ್ಲ, ಹಿಡಿದ ಕಾಲಕ್ಕೆ ತಪ್ಪುಗಳ ದಂಡವನ್ನು ಸೆಕೆಂಡುಗಳಲ್ಲಿ ಕೂಡಿಸುತ್ತಾರೆ. ಲೆಕ್ಕ ಸುಲಭ, ಆದರೆ ಮೊದಲಿನದರ ಸೂಕ್ಷ್ಮ ಅದಕ್ಕಿಲ್ಲವೆಂದು ನನ್ನ ಭಾವನೆ.)

ಇನ್ನು ರಂಗ ಕಟ್ಟುವವನ ಕೆಲಸಕ್ಕೆ ಬರೋಣ. ಅವನ ಬಳಿ ಇರುವ ಸಾಮಗ್ರಿ ಬಡತನದ್ದು: ಮರದ ಚೌಕಟ್ಟಿಗೆ ಬಲೆ ಹೊಡೆದ ಗೋಡೆಗಳು, ಹಳೆಯ ಪೀಪಾಯಿಗಳು, ನೆಲಕ್ಕೆ ಬಡಿದ ಪಟ್ಟಿಗಳು, ಕಂದುಬಣ್ಣದ ರಟ್ಟಿನ ಹಲಗೆಗಳು, ಬೀಳುವ ಉಕ್ಕಿನ ಫಲಕಗಳು. ಹೊಡೆಯಬಾರದ ಬಿಳಿಯ ಹಲಗೆಗಳೂ ಉಂಟು. ಅವಕ್ಕೆ ಗುಂಡು ತಗುಲಿದರೆ 10 ಅಂಕ ದಂಡ. ಇಷ್ಟರಲ್ಲೇ ಅವನು ಕಷ್ಟವನ್ನು ಸೃಷ್ಟಿಸಬೇಕು. ಗುರಿಯನ್ನು ದೂರಕ್ಕೆ ಒಯ್ದು ಚಿಕ್ಕದಾಗಿಸಿದರೆ ಕಷ್ಟವಾಗುತ್ತದೆ, ನಿಜ. ಅದು ಸೋಮಾರಿಯ ವಿಧಾನ. ಒಳ್ಳೆಯ ಕಷ್ಟವೆಂದರೆ ಎರಡು ದಾರಿಗಳನ್ನು ತೋರಿಸಿ, ಯಾವುದು ಒಳ್ಳೆಯದೆಂದು ಹೇಳದೆ ಸುಮ್ಮನಾಗುವುದು.

ಒಂದು ಗೋಡೆಯ ಅಂಚಿನಿಂದ ಇಣುಕಿದರೆ ಇಪ್ಪತ್ತು ಮೀಟರ್ ಆಚೆ ಒಂದು ಹಲಗೆ ಕಾಣುತ್ತದೆ. ಅದರ ಅರ್ಧವನ್ನು ಬಿಳಿಯ ಹಲಗೆ ಮುಚ್ಚಿದೆ. ಇನ್ನೂ ನಾಲ್ಕು ಹೆಜ್ಜೆ ಓಡಿ ಮುಂದಿನ ಕಿಂಡಿಗೆ ಹೋದರೆ ಅದೇ ಹಲಗೆ ಹತ್ತಿರದಲ್ಲಿ, ಬಯಲಾಗಿ ಕಾಣುತ್ತದೆ. ಓಡಿದರೆ ಕಾಲ ವ್ಯಯ. ನಿಂತಲ್ಲಿಂದಲೇ ಹೊಡೆದರೆ ಅಪಾಯ: ಗುಂಡು ತಪ್ಪಿದರೆ ಬರಬೇಕಿದ್ದ 5 ಅಂಕ ಹೋಗಿ, ಮೇಲೆ 10 ಅಂಕದ ದಂಡ. ರಂಗಕಾರನ ಕುಶಲತೆಯೆಲ್ಲ ಈ ಎರಡು ದಾರಿಗಳ ಬೆಲೆಯನ್ನು ಹೆಚ್ಚುಕಡಿಮೆ ಸಮವಾಗಿಸುವುದರಲ್ಲಿದೆ. ಗೋಡೆಯನ್ನು ಒಂದು ಗೇಣು ಸರಿಸಿದರೆ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ಆಮೇಲೆ ಎಲ್ಲರೂ ಒಂದೇ ದಾರಿಯಲ್ಲಿ ಹೋಗುತ್ತಾರೆ, ರಂಗ ಸತ್ತಂತೆ. ಒಂದೇ ತಾಣದಲ್ಲಿ ನಿಂತು ಎಲ್ಲವನ್ನೂ ಹೊಡೆದು ಮುಗಿಸಲಾಗದಂತೆ ನಿಯಮವೂ ನೋಡಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಪಿಸ್ತೂಲು ಸ್ಪರ್ಧೆಯ ಉದ್ದನೆಯ ರಂಗದಲ್ಲಿ 32 ಗುಂಡುಗಳವರೆಗೆ ಬೇಕಾಗಬಹುದು. ಆದರೆ ಒಂದು ಸ್ಥಳದಿಂದ ಒಂಬತ್ತಕ್ಕಿಂತ ಹೆಚ್ಚಿನ ಹೊಡೆತಗಳು ಇರಕೂಡದು.

ಚಲಿಸುವ ಗುರಿಯದು ಇನ್ನೊಂದು ಸೊಗಸು. ಉಕ್ಕಿನ ಫಲಕ ಬಿದ್ದಾಗ ತಂತಿಯೊಂದು ಸೆಳೆದು, ಮರೆಯಲ್ಲಿದ್ದ ಹಲಗೆಯೊಂದು ತೊಟ್ಟಿಲಿನಂತೆ ತೂಗತೊಡಗುತ್ತದೆ. ಫಲಕ ಬೀಳುವುದಕ್ಕೂ ಹಲಗೆ ತಲೆದೋರುವುದಕ್ಕೂ ನಡುವೆ ಒಂದು ಕ್ಷಣದ ಬಿಡುವು. ಅನನುಭವಿ ಆ ಬಿಡುವಿನಲ್ಲಿ ಕಾದು ನಿಲ್ಲುತ್ತಾನೆ. ಬಲ್ಲವನು ಪಕ್ಕದ ಹಲಗೆಗೆ ಎರಡು ಗುಂಡು ಹಾಕಿ, ತೂಗುವುದು ಬರುವ ಹೊತ್ತಿಗೆ ಸರಿಯಾಗಿ ಹಿಂದಿರುಗಿರುತ್ತಾನೆ. ತಾಳ ಬಲ್ಲವರಿಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು ಕೋವಿಗಳಾದಾಗ ಅನುಕ್ರಮವೇ ಒಂದು ಆಯುಧವಾಗುತ್ತದೆ. ದೂರದ ರೈಫಲ್ ಗುರಿಗಳನ್ನು ಮೊದಲಿಟ್ಟರೆ ಅದು ತಾಳ್ಮೆಯ ಪರೀಕ್ಷೆ. ಓಟದ ಕೊನೆಯಲ್ಲಿಟ್ಟರೆ, ಏದುಸಿರಿನಲ್ಲಿ ಎದೆ ಹೊಡೆದುಕೊಳ್ಳುತ್ತಿರುವಾಗ, ಅದೇ ಗುರಿ ಇನ್ನೊಂದೇ ಆಗಿಬಿಡುತ್ತದೆ. ಶಾಟ್‌ಗನ್ನಿನ ನಳಿಗೆಗೆ ತೋಟಾಗಳನ್ನು ಒಂದೊಂದಾಗಿ ತುರುಕಬೇಕು. ನುರಿತವರು ಒಂದೇ ಹಿಡಿಗೆ ನಾಲ್ಕನ್ನು ತೆಗೆದು ಎರಡೆರಡಾಗಿ ಒಳಗಿಳಿಸುತ್ತಾರೆ. ಅದರಲ್ಲಿ ಹಿಡಿಯುವುದಕ್ಕಿಂತ ಎರಡು ಗುರಿ ಹೆಚ್ಚಿಟ್ಟರೆ ಸಾಕು, ಗುರಿಕಾರನ ಇಡೀ ಯೋಜನೆ ಆ ತುಂಬುವಿಕೆಯ ಸುತ್ತ ತಿರುಗತೊಡಗುತ್ತದೆ.

ಹೊಡೆಯುವ ಮುನ್ನ ಸ್ಪರ್ಧಿಗಳಿಗೆ ರಂಗದಲ್ಲಿ ಬರಿಗೈಯಲ್ಲಿ ಅಡ್ಡಾಡಲು ಕೆಲವು ನಿಮಿಷ ಕೊಡುತ್ತಾರೆ. ವೈದ್ಯರು, ವಕೀಲರು, ಅಜ್ಜಂದಿರು, ಎಲ್ಲರೂ ಬೆರಳನ್ನೇ ಪಿಸ್ತೂಲು ಮಾಡಿಕೊಂಡು ತುಟಿಯಲ್ಲೇ ಎಣಿಸುತ್ತ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕುವುದನ್ನು ನೋಡಿದರೆ ನಗು ಬರುತ್ತದೆ. ಆದರೆ ಅವರು ಪಾಠ ಒಪ್ಪಿಸಿಕೊಳ್ಳುತ್ತಿರುವ ನಟರು. ಸಂಕೇತವಾದ ಮೇಲೆ ಯೋಚಿಸಲು ಸಮಯವಿಲ್ಲ.

ರಂಗಕಾರನ ನಿಜವಾದ ಹೊಣೆ ಮಾತ್ರ ಬೇರೆಯೇ. ಸ್ಪರ್ಧಿಯ ಎರಡೂ ಪಕ್ಕಗಳಿಗೆ ಎಳೆದ ಒಂದು ಕಾಲ್ಪನಿಕ ಗೆರೆಯನ್ನು ದಾಟಿ ನಳಿಗೆಯ ಮೂತಿ ಹಿಂದಕ್ಕೆ ತಿರುಗಿದರೆ, ಆ ರಂಗದಿಂದಲ್ಲ, ಇಡೀ ಪಂದ್ಯದಿಂದಲೇ ಉಚ್ಚಾಟನೆ. ಕೆಳಗಿಟ್ಟ ಕೋವಿಯಲ್ಲಿ ತೋಟಾ ಉಳಿದಿದ್ದು ಸೇಫ್ಟಿ ಹಾಕಿರದಿದ್ದರೂ ಅದೇ ಗತಿ. ಬಲಗೈಯವನು ಬಲದಿಂದ ಎಡಕ್ಕೆ ಓಡುತ್ತ ಮ್ಯಾಗಝೀನು ಬದಲಿಸುವಾಗ ಪಿಸ್ತೂಲಿನ ಮೂತಿ ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ಎಡಗೈಯವನಿಗೆ ಇದು ತಿರುವುಮುರುವು. ಇಬ್ಬರೂ ತನ್ನ ರಂಗದಲ್ಲಿ ಓಡುತ್ತಾರೆಂಬುದನ್ನು ಕಟ್ಟುವವನು ಮರೆಯುವಂತಿಲ್ಲ. ಉಕ್ಕಿನ ಫಲಕವನ್ನು ಹತ್ತಿರವಿಟ್ಟರೆ ಗುಂಡಿನ ಚೂರುಗಳು ಹಿಂದಕ್ಕೆ ಸಿಡಿಯುತ್ತವೆ. ಪಿಸ್ತೂಲಿಗೆ 7 ಮೀಟರಾದರೂ ಅಂತರ ಬೇಕು, ರೈಫಲ್ಲಿಗೆ ಅದರ ಹಲವು ಪಟ್ಟು. ಜನರನ್ನು ತಪ್ಪಿಗೆ ಸೆಳೆಯುವ ಕಷ್ಟವನ್ನು ಕಷ್ಟವೆನ್ನಲಾಗದು, ಅದು ಬೋನು. "ಮಾವ, ಈ ಕಿಂಡಿಯನ್ನು ಇಲ್ಲಿಟ್ಟರೆ ಯಾವನೋ ಒಬ್ಬ ಹಿಂದಕ್ಕೆ ತಿರುಗೇ ತಿರುಗುತ್ತಾನೆ" ಎಂದು ನನ್ನ ಸೋದರಳಿಯ ಸಂಜೆಗತ್ತಲಲ್ಲಿ, ಕಟ್ಟಿ ಮುಗಿಸಿದ್ದ ಗೋಡೆಯನ್ನು ಕಿತ್ತು ಮತ್ತೆ ನೆಟ್ಟದ್ದನ್ನು ನಾನು ಕಂಡಿದ್ದೇನೆ.

ಕೋವಿಯನ್ನು ಆಟದ ವಸ್ತುವಾಗಿಸುವುದು ಸರಿಯೆ ಎಂದು ನೀವು ಕೇಳಬಹುದು. ಕೋವಿಯಿಂದ ಅಷ್ಟೊಂದು ಕಣ್ಣೀರು ಹರಿಯುವ ಆ ದೇಶದಲ್ಲಿ ಕುಳಿತು ನಾನೂ ಕೇಳಿಕೊಂಡಿದ್ದೇನೆ. ಆಟದವರಿಗೂ ಈ ಅಳುಕು ಇಲ್ಲದಿಲ್ಲ. ಮೊದಲಿನ ಹಲಗೆಗೆ ತಲೆಯ ಆಕಾರವಿತ್ತು. ಮನುಷ್ಯಾಕೃತಿ ಬೇಡವೆನ್ನುವ ದೇಶಗಳಿಗಾಗಿ ತಲೆಯಿಲ್ಲದ, ಎಂಟು ಮೂಲೆಯ ಹಲಗೆಯೊಂದು ಬಂದಿತು. ಅಷ್ಟರಿಂದ ಪ್ರಶ್ನೆ ಮುಗಿಯುವುದಿಲ್ಲವೆಂದು ನಾನು ಬಲ್ಲೆ. ಆದರೆ ಕೋವಿಯ ಮೂತಿ ಎತ್ತ ತಿರುಗಿದೆ ಎಂಬುದನ್ನು ಇಷ್ಟು ನಿಷ್ಠುರವಾಗಿ ಕಾಯುವ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ. ನೂರಾರು ಮೈಲಿ ಕಾರು ಓಡಿಸಿಕೊಂಡು ಬಂದಿದ್ದ ನಡುವಯಸ್ಸಿನವನೊಬ್ಬ ಎರಡನೆಯ ರಂಗದಲ್ಲೇ ಆ ಗೆರೆ ದಾಟಿದ. ಅಧಿಕಾರಿ "ನಿಲ್ಲಿ" ಎಂದ. ಆತ ವಾದಿಸಲಿಲ್ಲ, ಪಿಸ್ತೂಲನ್ನು ಬರಿದುಮಾಡಿ ತೋರಿಸಿ, ಚೀಲಕ್ಕೆ ಸೇರಿಸಿದ. ಅನಂತರ ಮನೆಗೆ ಹೋಗದೆ, ಇಡೀ ಮಧ್ಯಾಹ್ನ ನನ್ನ ಪಕ್ಕದಲ್ಲಿ ನಿಂತು ಇತರರು ಹೊಡೆದ ಹಲಗೆಗಳ ತೂತುಗಳಿಗೆ ಪಟ್ಟಿ ಅಂಟಿಸಿದ.