ಟೈರು ತಿಂದ ಆರು ಮಿಲಿಮೀಟರು

ಹೊನ್ನವಳ್ಳಿಯ ನಮ್ಮ ಭಾವನವರ ತೋಟದ ಮನೆಯಲ್ಲಿ ಒಂದು ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿದೆ. ಕೊಬ್ಬರಿ ಅಟ್ಟದ ಕೆಳಗೆ ಅದರ ವಾಸ. ಮುಂದಿನ ಚಕ್ರಗಳಿಗೆ ಎರಡು ಹೊಸ ಟೈರು ಹಾಕಿಸಿದ್ದರು. ನಾಲ್ಕು ಸಾವಿರ ಕಿಲೋಮೀಟರ್ ಓಡುವುದರೊಳಗೆ ಎರಡರ ಹೊರ ಅಂಚೂ ಬೋಳಾಯಿತು. ಒಂದು ದಿನ ಮಳೆಯಲ್ಲಿ ತಿಪಟೂರು ರಸ್ತೆಯ ತಿರುವಿನಲ್ಲಿ ಗಾಡಿ ಜಾರಿ, ಮರಕ್ಕೆ ಮೊಳ ದೂರದಲ್ಲಿ ನಿಂತಿತು. "ಮೇಷ್ಟ್ರೇ, ಇದನ್ನು ಗುಜರಿಗೆ ಹಾಕಿಬಿಡ್ತೀನಿ" ಎಂದರು ಭಾವ. ಅವರ ಮಗಳು ಡ್ರೈವಿಂಗ್ ಕಲಿಯುತ್ತಿದ್ದುದು ಅದರಲ್ಲೇ.

ಗುಜರಿಗೆ ಹಾಕಲು ನನಗೆ ಮನಸ್ಸಿರಲಿಲ್ಲ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಹುಟ್ಟಿದ್ದು 1959ರಲ್ಲಿ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಅದನ್ನು ಇಲ್ಲೇ ತಯಾರಿಸಿತು. 1962ರಲ್ಲಿ ಬಂದ ಸ್ಪಿಟ್‌ಫೈರ್ ಎಂಬ ಇಬ್ಬರು ಕೂರುವ ಸ್ಪೋರ್ಟ್ಸ್ ಕಾರು ಇದರ ತಮ್ಮ. ಎರಡರ ರೂಪವನ್ನೂ ಬರೆದವರು ಇಟಲಿಯ ಮಿಕೆಲೊಟ್ಟಿ. ಮುಂಚಕ್ರ ಹಿಡಿದ ಕೀಲುಗಳು, ಸ್ಟೀರಿಂಗ್ ಎಲ್ಲ ಒಂದೇ ಬಗೆಯವು. ಆದ್ದರಿಂದ ಮುಂದೆ ಹೇಳುವ ಲೆಕ್ಕ ತಮ್ಮನಿಗೂ ಸಲ್ಲುತ್ತದೆ.

ಭಾನುವಾರ ನಮ್ಮ ಶಾಲೆಯ ಮೂವರು ಹುಡುಗರನ್ನು ಕರೆದುಕೊಂಡು ಹೋದೆ. "ಸಾರ್, ಟೈರ್ ಕಂಪನಿಯದೇ ಮೋಸ ಅಲ್ವಾ?" ಎಂದ ಒಬ್ಬ. ಟೈರಿನ ಮೇಲೆ ಕೈಯಾಡಿಸಿ ನೋಡು ಎಂದೆ. ಹೊರಗಿನಿಂದ ಒಳಗೆ ಸವರಿದರೆ ನುಣುಪು. ಒಳಗಿನಿಂದ ಹೊರಕ್ಕೆ ಸವರಿದರೆ ಗರಗಸದ ಹಾಗೆ ಚುಚ್ಚುತ್ತದೆ. ಎರಡೂ ಚಕ್ರಗಳ ಮೂತಿ ಒಳಕ್ಕೆ ತಿರುಗಿಕೊಂಡಿವೆ, ಟೈರು ಉರುಳುವುದರ ಜೊತೆಗೆ ಅಡ್ಡಡ್ಡ ಉಜ್ಜಿಕೊಂಡೂ ಹೋಗುತ್ತಿದೆ ಎಂಬುದರ ಗುರುತು ಅದು.

ಅಳೆಯಲು ಮಟ್ಟವಾದ ನೆಲ ಬೇಕು. ಕಾಯಿ ಹರಡುವ ಸಿಮೆಂಟ್ ಕಣವನ್ನು ಗಾರೆಯವರ ನೀರಿನ ಟ್ಯೂಬ್ ಹಿಡಿದು ಪರೀಕ್ಷಿಸಿದೆವು. ಟೈರುಗಳ ಗಾಳಿ ಸರಿಮಾಡಿದೆವು. ಮುಂದಿನ ಎರಡು ಸೀಟುಗಳ ಮೇಲೆ ಸುಮಾರು 70 ಕಿಲೋದ ಒಂದೊಂದು ಕಾಯಿ ಮೂಟೆ ಇಟ್ಟೆವು. ಜನ ಕೂತಾಗ ಗಾಡಿ ತಗ್ಗುತ್ತದೆ, ಆಗ ಚಕ್ರದ ಓರೆಯೂ ಬದಲಾಗುತ್ತದೆ. ಆಮೇಲೆ ಕಾರಿನ ಎರಡೂ ಪಕ್ಕದಲ್ಲಿ, ಚಕ್ರದ ನಡುಮಟ್ಟದ ಎತ್ತರಕ್ಕೆ, ಒಂದಕ್ಕೊಂದು ಸಮಾಂತರವಾಗಿ ದಾರ ಕಟ್ಟಿದೆವು. ಈ ದಾರ ಸರಿಯಾಗಲು ಒಂದು ಗಂಟೆ ಹಿಡಿಯಿತು. ಹುಡುಗರಿಗೆ ಬೇಜಾರಾಯಿತು, ನಿಜ. ಆದರೆ ದಾರವೇ ಸೊಟ್ಟವಾದರೆ ಮುಂದಿನದೆಲ್ಲ ಸುಳ್ಳು.

ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಇರುವ ದೂರ, ಹಿಂದಿನ ಅಂಚಿನ ದೂರಕ್ಕಿಂತ 6 ಮಿ.ಮೀ. ಹೆಚ್ಚಿತ್ತು. ಎರಡು ಚಕ್ರವೂ ಹಾಗೆಯೇ. ಒಟ್ಟು 12 ಮಿ.ಮೀ. ಇಂಥ ಗಾಡಿಗೆ ಇರಬೇಕಾದದ್ದು ಒಟ್ಟು ಸುಮಾರು 1.5ರಿಂದ 3 ಮಿ.ಮೀ. ಮಾತ್ರ!

ಆರು ಮಿಲಿಮೀಟರು ಏನು ಮಹಾ ಅಂತೀರಾ? ರಿಮ್ಮಿನ ಅಗಲ ಸುಮಾರು 350 ಮಿ.ಮೀ. ಆರನ್ನು 350ರಿಂದ ಭಾಗಿಸಿದರೆ 0.017. ಹತ್ತನೆಯ ತರಗತಿಯ ಸೈನ್ ಲೆಕ್ಕದಲ್ಲಿ ಇದು ಹತ್ತಿರ ಹತ್ತಿರ ಒಂದು ಡಿಗ್ರಿ. ಅಂದರೆ ಕಾರು ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಪ್ರತಿ ಟೈರೂ 17 ಮೀಟರಿನಷ್ಟು ಅಡ್ಡಕ್ಕೆ ಎಳೆಸಿಕೊಳ್ಳುತ್ತದೆ. ನಾಲ್ಕು ಸಾವಿರ ಕಿಲೋಮೀಟರಿಗೆ 68 ಕಿಲೋಮೀಟರ್! ರಬ್ಬರು ಉಳಿದೀತೆ?

ಹಾಗಾದರೆ ಸೊನ್ನೆಯೇ ಇಡಬಾರದೇಕೆ? ಹೆರಾಲ್ಡಿನಲ್ಲಿ ತಳ್ಳುವ ಶಕ್ತಿ ಹಿಂದಿನ ಚಕ್ರಗಳದು. ಓಡುವಾಗ ರಸ್ತೆ ಮುಂಚಕ್ರಗಳನ್ನು ಹಿಂದಕ್ಕೆ ಎಳೆಯುತ್ತದೆ, ಕೀಲುಗಳ ಸಡಿಲದಷ್ಟು ಅವು ಹೊರಕ್ಕೆ ತೆರೆದುಕೊಳ್ಳುತ್ತವೆ. ನಿಂತಾಗ ಚೂರು ಒಳಮೂತಿ ಇದ್ದರೆ ಓಡುವಾಗ ನೆಟ್ಟಗಾಗುತ್ತವೆ. ಮುಂಚಕ್ರವೇ ಎಳೆಯುವ ಈಗಿನ ಬಹುಪಾಲು ಕಾರುಗಳಲ್ಲಿ ಲೆಕ್ಕ ಬೇರೆ.

ಪೇಟೆಯ ಒಂದು ಗ್ಯಾರೇಜಿನಲ್ಲಿ ಭಾವ ಅಲೈನ್‌ಮೆಂಟ್ ಮಾಡಿಸಿದ್ದರು, ಕಂಪ್ಯೂಟರ್ ಚೀಟಿಯೂ ಇತ್ತು. ಮತ್ತೆ ಹೀಗೇಕೆ? ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು (ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ಯಾರೂ ನುಗ್ಗಬಾರದು), ಚಕ್ರವನ್ನು ಎಡಬಲ ಅಲುಗಿಸಿದರೆ ಟೈ ರಾಡ್ ಎಂಡ್ ಲಟಲಟ ಎಂದಿತು. ಸಡಿಲ ಕೀಲಿನ ಮೇಲೆ ಎಷ್ಟು ಚೆನ್ನಾಗಿ ಅಳೆದರೂ ಆ ಅಳತೆ ಮನೆ ತಲುಪುವವರೆಗೂ ನಿಲ್ಲದು. ಇನ್ನೊಂದು ತಪ್ಪು ಇದಕ್ಕಿಂತ ಭಯಂಕರ. ಈ ಕಾರುಗಳ ಮುಂಚಕ್ರದ ಕೆಳಗೆ ಟ್ರನಿಯನ್ ಎಂಬ ತಿರುಪುಳ್ಳ ಕೀಲಿದೆ. ಅದಕ್ಕೆ ಹಾಕಬೇಕಾದದ್ದು ಗೇರ್ ಆಯಿಲ್. ಅಲ್ಲಿ ಗ್ರೀಸ್ ಮೆತ್ತಿದ್ದರು. ಎಣ್ಣೆಯಿಲ್ಲದೆ ತುಕ್ಕು ಹಿಡಿದರೆ ಕೀಲು ಮುರಿದು, ಚಕ್ರವೇ ಮಡಚಿಕೊಳ್ಳುತ್ತದೆ. ಅಂಥದನ್ನು ನೋಡಿದ ಮೇಲೆ ಟೈರಿನ ದುಡ್ಡಿನ ಮಾತು ಬಿಟ್ಟುಬಿಟ್ಟೆವು.

ಟ್ರನಿಯನ್ ಬಿಚ್ಚಿ ನೋಡಿದಾಗ ಪುಣ್ಯಕ್ಕೆ ತುಕ್ಕು ಇರಲಿಲ್ಲ. ತೊಳೆದು ಎಣ್ಣೆ ಹಾಕಿದ್ದಾಯಿತು. ಟೈ ರಾಡ್ ಎಂಡ್ ಬರಲು ಹದಿನೈದು ದಿನ. ಹಾಕಿದ ಮೇಲೆ ಎರಡೂ ಕಡೆಯ ರಾಡುಗಳನ್ನು ಸಮಸಮವಾಗಿ ತಿರುಗಿಸಿದೆವು. ಒಂದನ್ನೇ ತಿರುಗಿಸಿದರೆ ಸ್ಟೀರಿಂಗ್ ಚಕ್ರ ಓರೆಯಾಗಿ ಕೂರುತ್ತದೆ. ಪ್ರತಿ ಸಲವೂ ಗಾಡಿಯನ್ನು ನಾಲ್ಕು ಮಾರು ಮುಂದಕ್ಕೆ ತಳ್ಳಿ, ಟೈರಿನ ಬಿಗಿ ಬಿಡಿಸಿ, ದಾರ ಸರಿಪಡಿಸಿ ಮತ್ತೆ ಅಳೆದೆವು. ಒಟ್ಟು 2 ಮಿಲಿಮೀಟರಿಗೆ ನಿಲ್ಲಿಸಿದೆವು.

ಮರುದಿನ ಭಾವನ ಮಗಳೇ ಓಡಿಸಿದಳು. "ಮಾವ, ಇನ್ನೂ ಚೂರು ಎಡಕ್ಕೆ ಎಳೀತಿದೆ" ಎಂದಳು. ಖಾಲಿ ರಸ್ತೆ ನೋಡಿ, ನಡುವಿಗೆ ತಂದು ನೋಡು ಎಂದೆ. ಅಲ್ಲಿ ನೆಟ್ಟಗೆ ಹೋಯಿತು. ಮಳೆನೀರು ಇಳಿಯಲೆಂದು ರಸ್ತೆಯ ಅಂಚನ್ನೇ ಇಳಿಜಾರು ಮಾಡಿರುತ್ತಾರೆ, ಎಳೆಯುತ್ತಿದ್ದುದು ಅದು. ಭಾವ ಈಗ ಗುಜರಿಯ ಸುದ್ದಿ ಎತ್ತುತ್ತಿಲ್ಲ. ದಾರದ ಉಂಡೆಯನ್ನು ಮಾತ್ರ ಕೊಬ್ಬರಿ ಮೂಟೆ ಹೊಲಿಯಲು ವಾಪಸು ತೆಗೆದುಕೊಂಡಿದ್ದಾರೆ.