ಆದೇಶ ಬೇಡದ ಉತ್ಸವ

ಹಿಜರಿ ಪಂಚಾಂಗದ ಉರುಸುಗಳು ವರ್ಷದಿಂದ ವರ್ಷಕ್ಕೆ ಋತು ಬದಲಿಸುತ್ತವೆ. ಬೀದರ್ ಬಳಿಯ ಅಷ್ಟೂರಿನ ಉರುಸು ಮಾತ್ರ ಹೋಳಿಯ ನಂತರ, ಬೇಸಿಗೆಯಲ್ಲೇ ಬರುತ್ತದೆ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾಹ ಮುಸ್ಲಿಮರಿಗೆ ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದು ಬಂದು ಉರುಸಿಗೆ ಚಾಲನೆ ನೀಡುವುದು ಸಂಪ್ರದಾಯ.

ಬಂಗಾರವರ್ಣದ ಚಿತ್ತಾರಗಳ ಗುಮ್ಮಟದ ಹೊರಗೆ ಮಿಠಾಯಿ, ಬಳೆಗಳ ಅಂಗಡಿಸಾಲು. ಔರಾದ್ ತಾಲ್ಲೂಕಿನ ಚಿಂತಾಕಿಯಂಥ ಗಡಿಯೂರುಗಳಲ್ಲಿ ಕೇಳಿಬರುವ ಕನ್ನಡ, ಮರಾಠಿ, ತೆಲುಗು, ಉರ್ದು ಇಲ್ಲಿ ಒಂದೇ ಚೌಕಾಸಿಯಲ್ಲಿ ಬೆರೆಯುತ್ತವೆ.

ಸೌಹಾರ್ದ ಸಮಿತಿಗಳ ಕಡತಗಳಿಗೆ ಸೇವಾವಧಿಯಲ್ಲಿ ನಾನೂ ಸಹಿ ಹಾಕಿದ್ದೇನೆ. ಅವಕ್ಕೆ ಅನುದಾನ ಬೇಕು, ಆದೇಶ ಬೇಕು. ಅಷ್ಟೂರಿಗೆ ಬೇಕಿರುವುದು ಜಂಗಮರ ಕಾಲ್ನಡಿಗೆ ಮತ್ತು ಅವರಿಗಾಗಿ ಕಾಯುವ ಜನ. ಎರಡು ಹೆಸರುಗಳಲ್ಲಿ ಒಂದನ್ನು ಅಳಿಸಹೊರಟರೆ ಉಳಿಯುವುದು ಅರ್ಧ ಜಾತ್ರೆಯಲ್ಲ, ಜಾತ್ರೆಯೇ ಉಳಿಯದು.