ಆಟೊಕ್ಲೇವ್

ಆಟೊಕ್ಲೇವ್ ಎಂಬುದು ಒತ್ತಡಕ್ಕೊಳಪಟ್ಟ ನೀರಾವಿಯ ಮೂಲಕ ವೈದ್ಯಕೀಯ ಹಾಗೂ ಪ್ರಯೋಗಾಲಯದ ಸಲಕರಣೆಗಳನ್ನು ಕ್ರಿಮಿಶುದ್ಧಗೊಳಿಸುವ ಸಾಧನ. ಶಸ್ತ್ರಚಿಕಿತ್ಸೆಯ ಉಪಕರಣಗಳು, ಬಟ್ಟೆ, ಗಾಜಿನ ಪಾತ್ರೆಗಳು ಮತ್ತು ಸೂಕ್ಷ್ಮಜೀವಿಗಳನ್ನು ಬೆಳೆಸುವ ಪೋಷಕ ಮಾಧ್ಯಮಗಳ ಶುದ್ಧೀಕರಣಕ್ಕೆ ಇದನ್ನು ಬಳಸಲಾಗುತ್ತದೆ. ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ವೈರಸ್‌ಗಳಲ್ಲದೆ, ಕುದಿಯುವ ನೀರನ್ನೂ ಸಹಿಸಬಲ್ಲ ಬ್ಯಾಕ್ಟೀರಿಯಾದ ಬೀಜಕಗಳನ್ನು ಸಹ ಇದು ನಾಶಪಡಿಸುತ್ತದೆ.

ಇತಿಹಾಸ

ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡವನ್ನು ಹೆಚ್ಚಿಸಿ ಮೂಳೆಗಳನ್ನು ಮೆದುವಾಗಿಸುವ ಸಾಧನವನ್ನು ಫ್ರಾನ್ಸ್ ಮೂಲದ ಡೆನಿಸ್ ಪಾಪಿನ್ 1679ರಲ್ಲಿ ರೂಪಿಸಿದನು. ಇಂದಿನ ಪ್ರೆಷರ್ ಕುಕ್ಕರಿಗೂ ಇದೇ ಮೂಲ. 1870ರ ದಶಕದಲ್ಲಿ ಫರ್ಡಿನಾಂಡ್ ಕೋನ್ ಮತ್ತು ಜಾನ್ ಟಿಂಡಾಲ್ ಅವರ ಸಂಶೋಧನೆಗಳು, ಕೆಲವು ಬ್ಯಾಕ್ಟೀರಿಯಾಗಳು ಕುದಿಸಿದರೂ ಸಾಯದ ರೂಪದಲ್ಲಿ ಉಳಿಯುತ್ತವೆ ಎಂಬುದನ್ನು ತೋರಿಸಿದವು. 1879ರಲ್ಲಿ ಲೂಯಿ ಪಾಶ್ಚರ್ ಅವರ ಸಹೋದ್ಯೋಗಿ ಚಾರ್ಲ್ಸ್ ಚೇಂಬರ್‌ಲ್ಯಾಂಡ್ ಆಟೊಕ್ಲೇವನ್ನು ನಿರ್ಮಿಸಿದರು.

ಕಾರ್ಯತತ್ತ್ವ

ಸಮುದ್ರಮಟ್ಟದಲ್ಲಿ ನೀರು 100 °ಸೆ. ನಲ್ಲಿ ಕುದಿಯುತ್ತದೆ. ಒತ್ತಡವು ವಾತಾವರಣದ ಒತ್ತಡಕ್ಕಿಂತ ಚದರ ಅಂಗುಲಕ್ಕೆ 15 ಪೌಂಡ್‌ಗಳಷ್ಟು (ಸುಮಾರು 103 ಕಿಲೋಪಾಸ್ಕಲ್) ಹೆಚ್ಚಾದಾಗ ಅದರ ಕುದಿಬಿಂದು ಸುಮಾರು 121 °ಸೆ. ಗೆ ಏರುತ್ತದೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಒತ್ತಡವಲ್ಲ. ಒತ್ತಡದಿಂದ ಸಾಧ್ಯವಾಗುವ ಅಧಿಕ ಉಷ್ಣತೆ ಮತ್ತು ಆವಿಯ ತೇವ.

ಆವಿಯು ತಣ್ಣನೆಯ ಉಪಕರಣವನ್ನು ಸ್ಪರ್ಶಿಸಿ ನೀರಾಗುವಾಗ ಕಿಲೋಗ್ರಾಂ ಒಂದಕ್ಕೆ ಸುಮಾರು 2,200 ಕಿಲೋಜೂಲ್ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ತೇವವಿದ್ದಾಗ ಜೀವಕೋಶದ ಪ್ರೋಟೀನುಗಳು ಬೇಗನೆ ಹೆಪ್ಪುಗಟ್ಟುತ್ತವೆ. ಆದ್ದರಿಂದಲೇ ಒಣ ಬಿಸಿಗಾಳಿಯಲ್ಲಿ 160 °ಸೆ. ನಲ್ಲಿ ಎರಡು ಗಂಟೆ ಹಿಡಿಯುವ ಕೆಲಸ ಆವಿಯಲ್ಲಿ 121 °ಸೆ. ನಲ್ಲಿ 15ರಿಂದ 20 ನಿಮಿಷಗಳಲ್ಲಿ ಮುಗಿಯುತ್ತದೆ.

ಗಾಳಿಯ ನಿವಾರಣೆ

ಪೆಟ್ಟಿಗೆಯೊಳಗೆ ಗಾಳಿ ಉಳಿದರೆ ಮಾಪಕವು ಸರಿಯಾದ ಒತ್ತಡವನ್ನೇ ತೋರಿಸಬಹುದು. ಆದರೆ ಆವಿ ಮತ್ತು ಗಾಳಿಯ ಮಿಶ್ರಣದ ಉಷ್ಣತೆ ಅಷ್ಟು ಏರಿರುವುದಿಲ್ಲ. ಬಟ್ಟೆಯ ಮಡಿಕೆಗಳಲ್ಲಿ ಅಥವಾ ಕಿರಿದಾದ ಕೊಳವೆಗಳಲ್ಲಿ ಗಾಳಿ ನಿಂತರೆ ಆ ಭಾಗಕ್ಕೆ ಆವಿ ತಲುಪುವುದಿಲ್ಲ. ಸರಳ ಮಾದರಿಗಳಲ್ಲಿ ಆವಿಯು ತನಗಿಂತ ಭಾರವಾದ ಗಾಳಿಯನ್ನು ಕೆಳಗಿನ ದ್ವಾರದ ಮೂಲಕ ಹೊರದೂಡುತ್ತದೆ. ಆಸ್ಪತ್ರೆಗಳ ದೊಡ್ಡ ಯಂತ್ರಗಳಲ್ಲಿ ಪಂಪಿನಿಂದ ಮೊದಲು ನಿರ್ವಾತವನ್ನು ಉಂಟುಮಾಡಿ, ಅನಂತರ ಆವಿಯನ್ನು ಬಿಡಲಾಗುತ್ತದೆ. ಇಂತಹ ಯಂತ್ರಗಳಲ್ಲಿ 134 °ಸೆ. ನಲ್ಲಿ ಮೂರರಿಂದ ನಾಲ್ಕು ನಿಮಿಷಗಳ ಅವಧಿ ಸಾಮಾನ್ಯ.

ಬಳಕೆಯ ಕ್ರಮ

1. ಉಪಕರಣಗಳಿಗೆ ಅಂಟಿದ ರಕ್ತ ಮತ್ತು ಕೊಳೆಯನ್ನು ತೊಳೆದು ತೆಗೆಯಬೇಕು. ಅವು ಆವಿಯನ್ನು ತಡೆಯುತ್ತವೆ.
2. ವಸ್ತುಗಳನ್ನು ಆವಿ ಹಾಯುವಂತೆ ಸಡಿಲವಾಗಿ ಜೋಡಿಸಬೇಕು.
3. ದ್ರವಗಳ ಬಾಟಲಿಯ ಮುಚ್ಚಳವನ್ನು ಬಿಗಿಗೊಳಿಸಬಾರದು.
4. ಗಾಳಿ ಹೊರಹೋಗಿ, ನಿಗದಿತ ಉಷ್ಣತೆ ತಲುಪಿದ ಮೇಲಷ್ಟೇ ಸಮಯವನ್ನು ಎಣಿಸಬೇಕು.
5. ಒತ್ತಡವು ಪೂರ್ಣವಾಗಿ ಇಳಿದ ನಂತರವೇ ಬಾಗಿಲು ತೆರೆಯಬೇಕು. ದ್ರವಗಳಿದ್ದಾಗ ಒತ್ತಡವನ್ನು ಥಟ್ಟನೆ ಇಳಿಸಿದರೆ ಅವು ಉಕ್ಕಿ ಹೊರಚೆಲ್ಲುತ್ತವೆ.

ಪರೀಕ್ಷೆ

ಶುದ್ಧವಾದ ಉಪಕರಣಕ್ಕೂ ಆಗದ ಉಪಕರಣಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಪ್ರತ್ಯೇಕ ಪರೀಕ್ಷೆ ಅಗತ್ಯ. ಬಣ್ಣ ಬದಲಾಗುವ ಸೂಚಕ ಪಟ್ಟಿಯು ವಸ್ತುವು ಆಟೊಕ್ಲೇವಿನಲ್ಲಿತ್ತು ಎಂಬುದನ್ನು ಮಾತ್ರ ಹೇಳುತ್ತದೆ. ಕ್ರಿಮಿಗಳು ಸತ್ತಿವೆ ಎಂಬುದಕ್ಕೆ ಅದು ಪುರಾವೆಯಲ್ಲ. ನಿರ್ವಾತ ಯಂತ್ರಗಳಲ್ಲಿ ಗಾಳಿ ಹೊರಹೋಗಿದೆಯೇ ಎಂದು ತಿಳಿಯಲು ಬೋವಿ-ಡಿಕ್ ಪರೀಕ್ಷೆಯಿದೆ. ಹೆಚ್ಚು ಭರವಸೆಯ ಪರೀಕ್ಷೆಯಲ್ಲಿ, ಉಷ್ಣವನ್ನು ತೀವ್ರವಾಗಿ ಸಹಿಸುವ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಬೀಜಕಗಳನ್ನು ಉಪಕರಣಗಳೊಂದಿಗೆ ಇರಿಸಿ, ಬಳಿಕ ಅವು ಬೆಳೆಯುತ್ತವೆಯೇ ಎಂದು ನೋಡಲಾಗುತ್ತದೆ.

ಮಿತಿಗಳು

ಎಣ್ಣೆ ಮತ್ತು ಒಣಪುಡಿಗಳೊಳಗೆ ಆವಿ ಇಳಿಯದ ಕಾರಣ ಅವುಗಳಿಗೆ ಒಣ ಉಷ್ಣವನ್ನು ಬಳಸಲಾಗುತ್ತದೆ. ಪಾಲಿಪ್ರೊಪಿಲೀನ್ 121 °ಸೆ. ಉಷ್ಣತೆಯನ್ನು ತಾಳುತ್ತದೆಯಾದರೂ ಪಾಲಿಥೀನ್‌ನ ಸಾಮಾನ್ಯ ವಸ್ತುಗಳು ರೂಪಗೆಡುತ್ತವೆ. ಪ್ರಿಯಾನ್ ಎಂಬ ರೋಗಕಾರಕ ಪ್ರೋಟೀನುಗಳ ನಾಶಕ್ಕೆ ಸಾಮಾನ್ಯ ಅವಧಿ ಸಾಲದು.

ತ್ಯಾಜ್ಯ ನಿರ್ವಹಣೆ

ಭಾರತದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಸೋಂಕಿತ ತ್ಯಾಜ್ಯವನ್ನು ಆಟೊಕ್ಲೇವಿನಲ್ಲಿ ಸಂಸ್ಕರಿಸಲು ಅವಕಾಶ ನೀಡುತ್ತವೆ. ನಿರ್ವಾತವಿಲ್ಲದ ಯಂತ್ರಗಳಲ್ಲಿ 121 °ಸೆ. ಉಷ್ಣತೆಯಾದರೆ ಕನಿಷ್ಠ 60 ನಿಮಿಷಗಳನ್ನು ನಿಗದಿಪಡಿಸಲಾಗಿದೆ.